ತಮ್ಮನಿಗೆ ತೋರಿಸಿ ನುಂಗಿದ ಮುದ್ದೆ

ನನಗೆ ಆರು ವರ್ಷವಿದ್ದಾಗ ಮನೆಯವರು ನನಗೊಂದು ಕೆಲಸ ಕೊಟ್ಟರು. ನಾಲ್ಕು ವರ್ಷದ ತಮ್ಮನ ಎದುರಿಗೆ ಕೂತು ಊಟ ಮಾಡಿ ತೋರಿಸುವ ಕೆಲಸ. ಸಂಬಳ ಗಿಂಬಳ ಇರಲಿಲ್ಲ, ಹೊಗಳಿಕೆ ಇತ್ತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಈ ಕೆಲಸ ಹಿರಿಯ ಮಗುವಿನ ಪಾಲಿಗೆ ಬರುತ್ತದೆ, ಅದನ್ನು ಯಾರೂ ಕೆಲಸ ಎಂದು ಕರೆಯುವುದಿಲ್ಲ. ನಾನು ಕರೆಯುತ್ತೇನೆ. ವರ್ಷಗಟ್ಟಲೆ ಮಾಡಿದ್ದೇನೆ, ಆ ಹಕ್ಕಾದರೂ ನನಗಿರಲಿ.

ಆಗ ನಾವು ಗುಬ್ಬಿಯಲ್ಲಿದ್ದೆವು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪ ದಿನಾ ರೈಲಿನಲ್ಲಿ ತುಮಕೂರಿಗೆ ಹೋಗಿ ಬರುವ ಗುಮಾಸ್ತ. ಮನೆಯಲ್ಲಿ ಅಪ್ಪನ ತಾಯಿ, ಅಂದರೆ ನಮ್ಮಜ್ಜಿ, ಅಮ್ಮ, ನಾನು ಮತ್ತು ತಮ್ಮ. ತಮ್ಮ ಕಡ್ಡಿಯಂತಿದ್ದ. ಬಾಯಿಗೆ ತುತ್ತಿಟ್ಟರೆ ಅದನ್ನು ದವಡೆಯಲ್ಲಿ ಒತ್ತರಿಸಿಕೊಂಡು ಕೂರುತ್ತಿದ್ದ, ಅರ್ಧ ಗಂಟೆ ಬಿಟ್ಟು ಹಿತ್ತಿಲಿಗೆ ಹೋಗಿ ಉಗಿದು ಬರುತ್ತಿದ್ದ. ಅಜ್ಜಿ ಒಂದೇ ದೊಡ್ಡ ತಟ್ಟೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು ಹಾಕಿಕೊಂಡು ನಮ್ಮಿಬ್ಬರನ್ನೂ ಎದುರುಬದುರು ಕೂರಿಸಿಕೊಳ್ಳುವರು. ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ಮೊದಲು ನನ್ನ ಬಾಯಿಗೆ ಇಡುವರು.

"ನೋಡ್ಲಾ ಮಗ, ಅಕ್ಕ ಹೆಂಗೆ ನುಂಗ್ತಾಳೆ ನೋಡು. ಗುಳುಂ! ಎಲ್ಲಿ, ಈಗ ನೀನು."

ತಮ್ಮ ತುಟಿ ಬಿಗಿಹಿಡಿಯುತ್ತಿದ್ದ. ಅವನಿಗೆ ಎತ್ತಿದ ತುತ್ತನ್ನು ಮತ್ತೆ ತಟ್ಟೆಗೆ ಹಾಕುವ ಹಾಗಿಲ್ಲ, ಅನ್ನ ದೇವರಲ್ಲವೇ. ಅದೂ ನನ್ನ ಬಾಯಿಗೇ ಬರುತ್ತಿತ್ತು. "ಅಯ್ಯೋ, ನಿನ್ ತುತ್ತೂ ಅಕ್ಕ ತಿಂದ್ಬುಟ್ಲು ಕಣೋ!" ಎಂದು ಅಜ್ಜಿ ಅವನ ಹೊಟ್ಟೆಕಿಚ್ಚು ಕೆಣಕುತ್ತಿದ್ದರು. ಒಮ್ಮೊಮ್ಮೆ ಅದು ಕೆಲಸ ಮಾಡುತ್ತಿತ್ತು, ಅವನು ಬಾಯಿ ತೆರೆಯುತ್ತಿದ್ದ. ಅವನಿಗೆ ಮನಸ್ಸಾದ ಗಳಿಗೆ ತಪ್ಪಿಹೋಗಬಾರದೆಂದು ನಾನು ಗಬಗಬ ನುಂಗಬೇಕಿತ್ತು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಹಾಗಾಗಿ ಅದು ಕಷ್ಟವೇನೂ ಆಗಲಿಲ್ಲ. ಅನ್ನವನ್ನೂ ಹಾಗೆಯೇ ನುಂಗುವುದನ್ನು ಕಲಿತೆ. ಇವತ್ತಿಗೂ ಎಲ್ಲರ ಎಲೆಯಲ್ಲಿ ಪಲ್ಯ ಮುಗಿಯುವಷ್ಟರಲ್ಲಿ ನಾನು ಮಜ್ಜಿಗೆಗೆ ಕೈಚಾಚಿರುತ್ತೇನೆ.

ಅವನಿಗೆ ಯಾಕೆ ಹಸಿವಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಅಜ್ಜಿಯೇ ಅವನ ಕೈಗೆ ಕೊಬ್ಬರಿ ಬೆಲ್ಲ ಕೊಡುತ್ತಿದ್ದರು. ಹತ್ತು ಗಂಟೆಗೆ ಹುರಿಹಿಟ್ಟಿನ ಉಂಡೆ, ಹನ್ನೊಂದಕ್ಕೆ ಲೋಟದ ತುಂಬ ಹಾಲು, ಮಧ್ಯೆ ಮಧ್ಯೆ ಬಾಳೆಹಣ್ಣು. ಅದ್ಯಾವುದೂ ಅವರ ಲೆಕ್ಕದಲ್ಲಿ ಊಟವಲ್ಲ. ಊಟವೆಂದರೆ ಮುದ್ದೆ, ಉಳಿದದ್ದೆಲ್ಲ ಬಾಯಾಡಿಸುವುದು. "ಬೆಳಿಗ್ಗೆಯಿಂದ ಮಗ ಏನೂ ತಿಂದಿಲ್ಲ ಕಣಮ್ಮಾ" ಎಂದು ಪಕ್ಕದ ಮನೆಯವರಿಗೆ ಹೇಳುವಾಗ ಅಜ್ಜಿಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬರುತ್ತಿತ್ತು. ನಾನು ಒಮ್ಮೆ "ಹಾಲು ಕುಡಿದಿದಾನಲ್ಲ ಅಜ್ಜಿ" ಎಂದೆ. "ನೀನ್ ಸುಮ್ನಿರೇ, ಹಾಲು ಒಂದ್ ಊಟವಾ?" ಎಂದು ಗದರಿದರು.

ಅವನಿಗೆ ಐದು ವರ್ಷವಾದಾಗ ಒಂದು ಜ್ವರ ಬಂದು ಹದಿನೈದು ದಿನ ಮಲಗಿದ. ಆಗ ಅಜ್ಜಿ ಮನೆದೇವರಿಗೆ ಹರಕೆ ಕಟ್ಟಿಕೊಂಡರು. ಮೊಮ್ಮಗ ಮೈಕೈ ತುಂಬಿಕೊಂಡರೆ, ಅವನಿಗೆ ಎಂಟು ತುಂಬಿದ ವರ್ಷ ಬೆಲ್ಲದಲ್ಲಿ ತುಲಾಭಾರ ಮಾಡಿಸುತ್ತೇನೆ ಎಂದು. ತಕ್ಕಡಿಯ ಒಂದು ಕಡೆ ಹುಡುಗ, ಇನ್ನೊಂದು ಕಡೆ ಬೆಲ್ಲ. ಅಲ್ಲಿಂದ ನನ್ನ ಕೆಲಸಕ್ಕೆ ದೇವರೂ ಒಬ್ಬ ಯಜಮಾನನಾದ. "ನೀನು ಚೆನ್ನಾಗಿ ತಿಂದ್ರೇನೇ ಅವ್ನು ತಿನ್ನೋದು ಕಣೇ ನನ್ನವ್ವ. ಅವನ ತೂಕ ನಿನ್ ಕೈಲಿದೆ" ಎಂದು ಅಜ್ಜಿ ನನ್ನ ಗಲ್ಲ ಹಿಡಿದು ಹೇಳಿದ್ದರು. ಅಷ್ಟು ದೊಡ್ಡ ಮಾತನ್ನು ಆ ಮನೆಯಲ್ಲಿ ನನಗೆ ಬೇರೆ ಯಾರೂ ಹೇಳಿರಲಿಲ್ಲ. ನಾನು ಹಿಗ್ಗಿಹೋದೆ.

ಮುಂದಿನ ವರ್ಷ ರೈಲಿನ ಓಡಾಟ ಸಾಕಾಗಿ ಅಪ್ಪ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದರು. ಅಜ್ಜಿಯೂ ಬಂದರು, ಆ ದೊಡ್ಡ ತಟ್ಟೆಯೂ ಬಂತು. ಹೊಸ ಸ್ಕೂಲಿನಲ್ಲಿ ನನಗೆ ವಾರದೊಳಗೆ ಡ್ರಮ್ಮು ಎಂದು ಹೆಸರಾಯಿತು. ಖೋಖೋ ಆಡಲು ಹೋದರೆ ಹುಡುಗಿಯರು "ನೀನು ಕಂಬ ಆಗೇ, ನಿನ್ನೇ ಸುತ್ಕೊಂಡು ಓಡ್ತೀವಿ" ಎನ್ನುತ್ತಿದ್ದರು. ಡ್ರಿಲ್ ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಗುಂಡೆಸೆತಕ್ಕೆ ಬರೆದುಕೊಂಡರು. ಮನೆಗೆ ಬಂದು ಹೇಳಿದರೆ ಅಜ್ಜಿ "ದೃಷ್ಟಿ ಹಾಕ್ತವ್ರೆ ಮುಂಡೇವು" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಹಾಕಿ ಬಂದು ತಟ್ಟೆ ಮುಂದೆ ಕೂರಿಸಿದರು.

ಒಂದು ಮಾತು ಹೇಳಬೇಕು, ಇದನ್ನು ಹೇಳಲೆಂದೇ ಇಷ್ಟು ವರ್ಷದ ಮೇಲೆ ಬರೆಯಲು ಕೂತದ್ದು. ಆ ವಯಸ್ಸಿನಲ್ಲಿ ನನಗೆ ಹಸಿವು ಎಂದರೇನು ಎಂದು ಗೊತ್ತಿರಲಿಲ್ಲ. ಹೊಟ್ಟೆ ತುಂಬುವುದು ಎಂದರೇನು ಎಂದೂ ಗೊತ್ತಿರಲಿಲ್ಲ. ತಮ್ಮನ ಪಾಲು ಮುಗಿದರೆ ನನ್ನ ಊಟ ಮುಗಿಯಿತು, ಅಷ್ಟೇ. ಅವನು ಬೇಗ ತಿಂದ ದಿನ ನಾನು ಕಡಿಮೆ ತಿಂದೆ, ಅವನು ಹಟ ಮಾಡಿದ ದಿನ ಹೆಚ್ಚು ತಿಂದೆ. ಅವನು ದಿನಾ ಹಟ ಮಾಡುತ್ತಿದ್ದ. ನನ್ನ ಹೊಟ್ಟೆಯ ಕೀಲಿಕೈ ಅವನ ಬಾಯಿಯಲ್ಲಿತ್ತು.

ಅವನಿಗೆ ಎಂಟು ತುಂಬಿತು, ನನಗೆ ಹತ್ತು. ತುಲಾಭಾರಕ್ಕೆ ಗುಬ್ಬಿಯ ಹತ್ತಿರದ ನಮ್ಮ ಮನೆದೇವರ ಗುಡಿಗೆ ಹೋದೆವು. ಕುಣಿಗಲ್‌ನಿಂದ ಸೋದರಮಾವ, ಅವರ ಹೆಂಡತಿ ಬಂದಿದ್ದರು. ಊರಿನ ನೆಂಟರೆಲ್ಲ ಸೇರಿದ್ದರು. ಅದು ಸಣ್ಣ ಗುಡಿ, ತುಲಾಭಾರದ ತಕ್ಕಡಿ ಇರಲಿಲ್ಲ. ಕೊಬ್ಬರಿ ಮಂಡಿಯಿಂದ ಮೂಟೆ ತೂಗುವ ದೊಡ್ಡ ತಕ್ಕಡಿ ತರಿಸಿ, ಗುಡಿಯ ತೊಲೆಗೆ ಸರಪಳಿಯಲ್ಲಿ ನೇತುಹಾಕಿದ್ದರು. ಅಜ್ಜಿ ಎರಡು ದೊಡ್ಡ ಕುಕ್ಕೆ ತುಂಬ ಅಚ್ಚುಬೆಲ್ಲ ತಂದಿದ್ದರು. ಮೊಮ್ಮಗ ಎಷ್ಟಿದ್ದಾನೆ ಎಂದು ನೋಡಿ ತಂದದ್ದಲ್ಲ, ಎಷ್ಟಿರಬೇಕು ಎಂದುಕೊಂಡು ತಂದದ್ದು.

ತಮ್ಮನನ್ನು ತಟ್ಟೆಯಲ್ಲಿ ಕೂರಿಸಿದರು. ಎದುರು ತಟ್ಟೆಗೆ ಪೂಜಾರಿ ಬೆಲ್ಲ ಒಟ್ಟತೊಡಗಿದ. ಒಂದು ಕುಕ್ಕೆ ಖಾಲಿಯಾಗುವಷ್ಟರಲ್ಲಿ ತಮ್ಮ ಮೇಲೆದ್ದುಬಿಟ್ಟ. ಸರಪಳಿ ಹಿಡಿದುಕೊಂಡು ತೂಗಾಡುತ್ತ ನಗುತ್ತಿದ್ದ. ಬೇರೆ ಯಾರೂ ನಗಲಿಲ್ಲ. ಅಜ್ಜಿಯ ಮುಖ ಸುಟ್ಟ ಬದನೆಕಾಯಿಯಂತಾಯಿತು. ಮೂರು ವರ್ಷದ ತುತ್ತು, ಹಾಲು, ಕೊಬ್ಬರಿ, ಅಷ್ಟೂ ಸೇರಿ ಒಂದು ಕುಕ್ಕೆ ಬೆಲ್ಲಕ್ಕೆ ಸರಿಸಮವಾಗಿತ್ತು.

"ಆಯ್ತಮ್ಮ, ದೇವ್ರು ಒಪ್ಕೊಂಡ" ಎಂದ ಪೂಜಾರಿ.

ಆದರೆ ಇನ್ನೊಂದು ಕುಕ್ಕೆ ಬೆಲ್ಲ ಉಳಿದಿತ್ತು. ದೇವರಿಗೆಂದು ಮೀಸಲು ಕಟ್ಟಿ ತಂದದ್ದನ್ನು ಮನೆಗೆ ವಾಪಸು ಒಯ್ಯುವಂತಿಲ್ಲ. ಸುಮ್ಮನೆ ಗುಡಿಯಲ್ಲಿ ಸುರಿದು ಬಂದಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ನಮ್ಮ ಮಾವನಿಗೆ ತಮಾಷೆ ಹೊಳೆಯಿತು.

"ಅದಕ್ಯಾಕ್ ಯೋಚ್ನೆ? ಇವಳನ್ನ ಕೂರ್ಸಿ, ಸರಿಹೋಯ್ತದೆ" ಎಂದು ನನ್ನ ರಟ್ಟೆ ಹಿಡಿದು ಮುಂದೆ ತಂದರು.

ನನಗೆ ಎಷ್ಟು ಖುಷಿಯಾಯಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ನನಗಾಗಿ ಯಾರೂ ಹರಕೆ ಕಟ್ಟಿರಲಿಲ್ಲ. ಹೋಗಲಿ, ಮಿಕ್ಕ ಬೆಲ್ಲದಲ್ಲಾದರೂ ನನಗೊಂದು ತುಲಾಭಾರ ಎಂದು ಲಂಗ ಎತ್ತಿಕೊಂಡು ತಕ್ಕಡಿಗೆ ಹತ್ತಿ, ಚಕ್ಕಳಮಕ್ಕಳ ಹಾಕಿ ಕೈಮುಗಿದು ಕೂತೆ. ಉಳಿದ ಕುಕ್ಕೆ ಸುರಿದರು. ನಾನು ಅಲುಗಲಿಲ್ಲ. ತಮ್ಮನಿಗೆ ತೂಗಿದ್ದ ಬೆಲ್ಲವನ್ನೂ ಸೇರಿಸಿದರು. ಆಗಲೂ ಅಲುಗಲಿಲ್ಲ. ಪೂಜೆಗೆ ತಂದಿದ್ದ ತೆಂಗಿನಕಾಯಿ ಒಂದೊಂದಾಗಿ ಇಟ್ಟರು. ತಕ್ಕಡಿ ಕಲ್ಲಿನ ಹಾಗೆ ನಿಂತಿತ್ತು. ಜನ ಗುಸುಗುಸು ಶುರುಮಾಡಿ, ಆಮೇಲೆ ಬಾಯಿಬಿಟ್ಟೇ ನಕ್ಕರು.

"ಇನ್ನು ಮಂಡಿಯಿಂದ ಮೂಟೆ ತರ್ಸ್ಬೇಕು ಕಣಪ್ಪೋ!" ಎಂದರು ಮಾವ.

ಅಷ್ಟರಲ್ಲೇ ನಿಂತಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ. ಮಾವನ ಹೆಂಡತಿ ಅಮ್ಮನನ್ನು ಕೇಳಿದರು, ಎಲ್ಲರಿಗೂ ಕೇಳುವ ಹಾಗೆ. "ಏನಮ್ಮಾ ಇದು? ಗಂಡುಮಗೀನ ಪಾಲೂ ಇವ್ಳಿಗೇ ಇಕ್ತೀಯಾ?"

ಅಮ್ಮ ಒಮ್ಮೆ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಬಾಗಿ ಖಾಲಿ ಕುಕ್ಕೆಯನ್ನು ಕೊಡವುತ್ತಿದ್ದರು. ಅಮ್ಮ ಸೆರಗು ಸರಿಮಾಡಿಕೊಂಡು ಹೇಳಿದಳು: "ನಾನೆಲ್ಲಿ ಇಕ್ತೀನಿ ಅತ್ತಿಗೆ? ಇವ್ಳೇ ಕದ್ದು ತಿಂತಾಳೆ."

ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತು ಎನ್ನುವ ಗಾದೆ ನಾನು ಸ್ಕೂಲಿನಲ್ಲಿ ಓದಿದ್ದೆ. ಆ ಮೇಕೆ ತಕ್ಕಡಿಯಲ್ಲಿ ಕೈಮುಗಿದುಕೊಂಡು ಕೂತಿರುತ್ತದೆ ಎಂದು ಪುಸ್ತಕದಲ್ಲಿರಲಿಲ್ಲ. ನಾನು ಅಳಲಿಲ್ಲ. ಅಮ್ಮ ಈಗ ಮಾತು ವಾಪಸು ತಗೊಳ್ಳುತ್ತಾಳೆ, ತಮಾಷೆಗೆ ಅಂದೆ ಎನ್ನುತ್ತಾಳೆ ಎಂದು ಅವಳ ಬಾಯನ್ನೇ ನೋಡುತ್ತಿದ್ದೆ. ಬಸ್ಸಿನಲ್ಲಿ ಬರುವಾಗಲೂ ಕಾದೆ. ಮನೆಗೆ ಬಂದಮೇಲೂ ಕಾದೆ. ನನಗೆ ಬೇರೇನೂ ಬೇಕಿರಲಿಲ್ಲ, ಅದು ಸುಳ್ಳು ಎಂದು ಅವಳು ಒಂದು ಸಲ ಹೇಳಬೇಕಿತ್ತು, ಯಾರಿಗೂ ಬೇಡ, ನನಗೊಬ್ಬಳಿಗೆ ಹೇಳಿದ್ದರೆ ಸಾಕಿತ್ತು.

ಮರುದಿನದಿಂದ ನನ್ನ ಮುದ್ದೆ ಅರ್ಧವಾಯಿತು. ಕೊಬ್ಬರಿ ಬೆಲ್ಲದ ಡಬ್ಬಿ ಅಟ್ಟಕ್ಕೆ ಹೋಯಿತು. "ಹಿಂಗೇ ಇದ್ರೆ ನಾಳೆ ಯಾವನ್ ಕಟ್ಕೋತಾನೆ ಇವಳನ್ನ?" ಎಂದು ಅಮ್ಮ. ನಿನ್ನೆಯವರೆಗೆ ನನ್ನನ್ನು ನನ್ನವ್ವ ಎನ್ನುತ್ತಿದ್ದ ಅಜ್ಜಿ "ಬಾಯ್ ಕಟ್ಟು ಸ್ವಲ್ಪ" ಎನ್ನತೊಡಗಿದರು.

ಸರಿ, ಕೆಲಸ ತಪ್ಪಿತು ಎಂದುಕೊಂಡೆ. ಎಲ್ಲಿ ತಪ್ಪಿತು! ನಾನು ಎದುರಿಗೆ ಕೂತು ನುಂಗದಿದ್ದರೆ ತಮ್ಮ ಬಾಯಿ ತೆರೆಯುತ್ತಿರಲಿಲ್ಲ, ಅಷ್ಟು ವರ್ಷದ ರೂಢಿ. ಎರಡು ದಿನ ಅವನು ಉಪವಾಸ ಕೂತ. ಮೂರನೇ ದಿನ ಅಮ್ಮ ಒಂದು ಉಪಾಯ ಕಂಡುಹಿಡಿದಳು. ನನ್ನ ಅರ್ಧ ಮುದ್ದೆ ಮುಗಿದಮೇಲೂ ನನ್ನನ್ನು ಏಳಲು ಬಿಡಲಿಲ್ಲ.

"ತಿಂದಂಗ್ ಮಾಡು" ಎಂದಳು ಕಿವಿಯಲ್ಲಿ.

"ಹಂಗಂದ್ರೆ?"

"ಬೆರಳು ಸಾರಲ್ಲಿ ಅದ್ದು, ಬಾಯಲ್ಲಿಟ್ಕೊ, ನುಂಗು. ಮುದ್ದೆ ತಾನೆ, ಅಗಿಯೋ ಹಂಗಿಲ್ಲ. ಅವ್ನಿಗೇನ್ ಗೊತ್ತಾಗುತ್ತೆ?"

ಹೀಗೆ ಹತ್ತು ವರ್ಷದ ನಾನು ಬರಿಗೈಯನ್ನು ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು, ಗುಳುಂ ಎಂದು ಸದ್ದು ಮಾಡಿ, "ಆಹಾ" ಎನ್ನಬೇಕಾಯಿತು. ಎದುರಿಗೆ ಅಜ್ಜಿಯ ಕೈಯಲ್ಲಿ ಬಿಸಿ ಮುದ್ದೆ, ಅದರ ಮೇಲೆ ತುಪ್ಪ. ಹಸಿವು ಎಂದರೇನು ಎಂದು ನನಗೆ ಆ ವಾರ ಗೊತ್ತಾಯಿತು. ಅಲ್ಲಿಯವರೆಗೆ ನಾನು ಊಟದ ಬಗ್ಗೆ ಯೋಚಿಸಿದವಳೇ ಅಲ್ಲ, ಆಮೇಲೆ ಬೇರೆ ಯೋಚನೆಯೇ ಬರಲಿಲ್ಲ. ಗಣಿತದ ಕ್ಲಾಸಿನಲ್ಲಿ ಅಟ್ಟದ ಡಬ್ಬಿ ಕಾಣುತ್ತಿತ್ತು.

ತಮ್ಮ ದಡ್ಡನಾಗಿರಲಿಲ್ಲ. ಒಂದು ವಾರದಲ್ಲಿ "ಅಕ್ಕಾ, ನಿನ್ ಕೈಲಿ ಏನೂ ಇಲ್ಲ" ಎಂದು ಕಂಡುಹಿಡಿದ. ಯಾರಿಗೂ ಹೇಳಲಿಲ್ಲ, ಅದು ಅವನ ದೊಡ್ಡತನ. ಅಜ್ಜಿ ಸಾರು ತರಲು ಎದ್ದಾಗ ದವಡೆಯಲ್ಲಿದ್ದದ್ದನ್ನು ನುಂಗಿ, ತಟ್ಟೆಯಿಂದ ಒಂದು ತುತ್ತು ಮುರಿದು ನನ್ನ ಅಂಗೈಗೆ ತುರುಕುತ್ತಿದ್ದ. ನಾನು ಗಬಕ್ಕನೆ ನುಂಗುತ್ತಿದ್ದೆ. ನುಂಗುವುದನ್ನು ಮನೆಯವರೇ ಕಲಿಸಿದ್ದರಲ್ಲ. ಒಂದು ದಿನ ಅಮ್ಮ ಬಾಗಿಲಲ್ಲಿ ನಿಂತು ನೋಡಿಬಿಟ್ಟಳು.

"ನೋಡಿದ್ರಾ ಅತ್ತೆ, ತಮ್ಮನ ತುತ್ತನ್ನೂ ಬಿಡಲ್ಲ ಇವ್ಳು!"

ಆವತ್ತು ಬೆನ್ನಿಗೆ ಬಿದ್ದ ಏಟಿಗಿಂತ ಆ ಮಾತಿನಲ್ಲಿದ್ದ ಸಮಾಧಾನ ನನಗೆ ಉರಿಯಿತು. ತನ್ನ ಸುಳ್ಳಿಗೆ ಸಾಕ್ಷಿ ಸಿಕ್ಕ ಸಮಾಧಾನ ಅದು. ಆಮೇಲೆ ನಾನು ಹಿಂದೆಮುಂದೆ ನೋಡಲಿಲ್ಲ. ಸ್ಕೂಲಿಂದ ಬಂದವಳೇ, ಅಮ್ಮ ನಲ್ಲಿಗೆ ಹೋದಾಗ, ಒರಳುಕಲ್ಲು ಹತ್ತಿ ಅಟ್ಟಕ್ಕೆ ಕೈಹಾಕಿದೆ. ಕೊಬ್ಬರಿ, ಬೆಲ್ಲ, ತಂಬಿಟ್ಟು, ಏನು ಸಿಕ್ಕಿದರೆ ಅದು. ಹಸಿವಿದ್ದಾಗ ತಿಂದೆ, ಇಲ್ಲದಾಗಲೂ ತಿಂದೆ. ನಾಳೆ ಸಿಗುತ್ತದೋ ಇಲ್ಲವೋ ಎಂದು ತಿಂದೆ. ಅರ್ಧ ಮುದ್ದೆಯ ಆ ವರ್ಷಗಳಲ್ಲಿ ನಾನು ಮೊದಲಿಗಿಂತ ದಪ್ಪಗಾದೆ. ಕದ್ದು ತಿಂತಾಳೆ ಎಂದು ಅಮ್ಮ ಹೇಳಿದಾಗ ಅದು ಸುಳ್ಳಾಗಿತ್ತು, ಅದನ್ನು ನಿಜ ಮಾಡಿ ಕೊಟ್ಟವಳು ನಾನು.

ಅಪ್ಪನ ಬಗ್ಗೆ ಇಷ್ಟು ಹೊತ್ತೂ ಹೇಳಲಿಲ್ಲ. ಹೇಳುವಂಥದ್ದು ಒಂದೇ ಇದೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ಏನೋ ಕೆಲಸದ ಮೇಲೆ ಕ್ಯಾತ್ಸಂದ್ರಕ್ಕೆ ಹೊರಟವರು ನನ್ನನ್ನೂ ಸೈಕಲ್ ಮೇಲೆ ಕೂರಿಸಿಕೊಂಡರು. ಹೋಟೆಲಿನಲ್ಲಿ ಎರಡು ತಟ್ಟೆ ಇಡ್ಲಿ ನನ್ನ ಮುಂದೆ ಇಡಿಸಿದರು. ನಾನು ಎಂದಿನಂತೆ ಗಬಗಬ ಶುರುಮಾಡಿದೆ. ಅಪ್ಪ ನನ್ನ ಮಣಿಕಟ್ಟಿನ ಮೇಲೆ ಕೈಯಿಟ್ಟರು.

"ನಿಧಾನಕ್ಕೆ ತಿನ್ನಮ್ಮ. ಇಲ್ಲಿ ನಿನ್ನ ಯಾರೂ ನೋಡ್ತಿಲ್ಲ."

ನಿಧಾನಕ್ಕೆ ತಿಂದೆ. ಇಡ್ಲಿ ಬೆಚ್ಚಗಿತ್ತು, ಚಟ್ನಿಯಲ್ಲಿ ಹಸಿಮೆಣಸಿನಕಾಯಿಯ ವಾಸನೆ ಇತ್ತು. ಇವೆಲ್ಲ ಗೊತ್ತಾಗುವಷ್ಟು ಹೊತ್ತು ಒಂದು ತುತ್ತು ನನ್ನ ಬಾಯಲ್ಲಿ ಅದಕ್ಕೂ ಮುಂಚೆ ಉಳಿದಿರಲಿಲ್ಲ. ಎರಡನೆಯ ಇಡ್ಲಿ ಅರ್ಧವಾದಾಗ ನನಗೆ ಸಾಕು ಅನ್ನಿಸಿತು. ನನ್ನ ಹೊಟ್ಟೆಯೇ ಸಾಕು ಎಂದಿತು, ತಮ್ಮನದ್ದಲ್ಲ. "ಸಾಕಪ್ಪ" ಎಂದೆ. ಅಪ್ಪ ಉಳಿದದ್ದನ್ನು ತಾವೇ ತಿಂದು ಕೈತೊಳೆದರು. ಹಾಗಾದರೆ ಅವರಿಗೆ ಎಲ್ಲ ಗೊತ್ತಿತ್ತು. ಮನೆಯಲ್ಲಿ ಏನು ನಡೆಯುತ್ತಿದೆ ಎಂದು ನೋಡಿದ್ದರು, ಗುಡಿಯಲ್ಲಿ ತಕ್ಕಡಿಯ ಪಕ್ಕದಲ್ಲೇ ನಿಂತಿದ್ದರು. ಮನೆಗೆ ಬಂದು ಒಂದು ಮಾತೂ ಆಡಲಿಲ್ಲ. ಆ ಇಡ್ಲಿಯನ್ನು ನಾನು ಇವತ್ತಿಗೂ ಪ್ರೀತಿಯಿಂದ ನೆನೆಯುತ್ತೇನೆ, ಅಪ್ಪನನ್ನು ಅಷ್ಟು ಸುಲಭವಾಗಿ ಕ್ಷಮಿಸಲಾರೆ.

ತಮ್ಮ ಹೈಸ್ಕೂಲಿಗೆ ಹೋದಮೇಲೆ ಅಜ್ಜಿಯ ತಟ್ಟೆಯ ಮುಂದೆ ಕೂರಲು ಅವನಿಗೆ ನಾಚಿಕೆಯಾಯಿತು. ಮುಂದೆ ಕಾಲೇಜು ಓದಲು ಹಾಸ್ಟೆಲ್ ಸೇರಿದ. ಅಲ್ಲಿ ಯಾರೂ ತಿನ್ನು ತಿನ್ನು ಎನ್ನುವವರಿಲ್ಲ, ಗಂಟೆ ಹೊಡೆದರೆ ಊಟ, ತಡವಾದರೆ ಅದೂ ಇಲ್ಲ. ಆರು ತಿಂಗಳಲ್ಲಿ ಗಟ್ಟಿಮುಟ್ಟಾಗಿ ಮನೆಗೆ ಬಂದ. "ಅಂತೂ ಹರಕೆ ಫಲಿಸ್ತು" ಎಂದು ಅಜ್ಜಿ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದರು. ಅದಾದ ಎರಡು ವರ್ಷಕ್ಕೆ ತೀರಿಕೊಂಡರು.

ನನ್ನನ್ನೂ ಒಬ್ಬರು ಕಟ್ಟಿಕೊಂಡರು. ಮೂರು ಕಡೆಯವರು ನೋಡಿ, ಉಪ್ಪಿಟ್ಟು ತಿಂದು, ಕಾಗದ ಹಾಕುತ್ತೇವೆ ಎಂದು ಹೋದಮೇಲೆ ಕುಣಿಗಲ್ ಕಡೆಯ ಒಬ್ಬ ಮೇಷ್ಟ್ರು ಒಪ್ಪಿದರು. ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ ರಜೆಗೆ ಮಗಳನ್ನು ಕರೆದುಕೊಂಡು ಶೆಟ್ಟಿಹಳ್ಳಿಯ ತವರಿಗೆ ಬಂದಿದ್ದೆ. ಮಗಳಿಗೆ ಐದು ವರ್ಷ, ಸಣ್ಣಗಿದ್ದಳು, ಆಡುತ್ತ ಓಡುತ್ತ ಚೆನ್ನಾಗಿಯೇ ಇದ್ದಳು. ಮಧ್ಯಾಹ್ನ ಊಟ ಮುಗಿಸಿ ನಾನು ಗೋಡೆಗೆ ಒರಗಿ ಕೂತಿದ್ದೆ. ಅಮ್ಮ ಪಕ್ಕದ ಮನೆಯವರಿಗೆ ತುಲಾಭಾರದ ಕಥೆ ಹೇಳಿ ನಗಿಸುತ್ತಿದ್ದಳು. ಬೆಲ್ಲ ಸುರಿದದ್ದು, ಕಾಯಿ ಇಟ್ಟದ್ದು, ಮಾವ ಮೂಟೆ ಎಂದದ್ದು. ಅವರು ಎದ್ದುಹೋದಮೇಲೆ ನಾನು ಕೇಳಿದೆ. ಹದಿನೈದು ವರ್ಷ ಬಾಯಲ್ಲಿ ಒತ್ತರಿಸಿಕೊಂಡಿದ್ದ ಮಾತು.

"ಅಮ್ಮ, ಆವತ್ತು ನಾನು ಕದ್ದು ತಿಂತೀನಿ ಅಂದ್ಯಲ್ಲ, ಯಾಕಮ್ಮ?"

"ಮತ್ತೆ? ಅಟ್ಟದ್ ಮೇಲಿನ ಡಬ್ಬಿ ಯಾರು ಖಾಲಿ ಮಾಡ್ತಿದ್ದಿದ್ದು?"

"ಅದು ಆಮೇಲಮ್ಮ. ತಕ್ಕಡೀಲಿ ಕೂರ್ಸಿದ್ಮೇಲೆ. ಅದಕ್ಕೂ ಮುಂಚೆ ಕದ್ದಿದ್ನಾ?"

ಅಮ್ಮ ನನ್ನ ಮುಖ ನೋಡಿದಳು. ಅವಳ ಕಣ್ಣಲ್ಲಿ ಕಳ್ಳತನವಿರಲಿಲ್ಲ, ಅಳುಕೂ ಇರಲಿಲ್ಲ. "ಮುಂಚೇನೂ ತಿಂತಿದ್ದೆ ಕಣೇ. ಇಲ್ದಿದ್ರೆ ಅಷ್ಟು ತೂಕ ಎಲ್ಲಿಂದ ಬರ್ತಿತ್ತು ಹೇಳು?" ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಆ ಮಾತನ್ನು ಅವಳು ನಂಬಿಬಿಟ್ಟಿದ್ದಳು. ವಾಪಸು ತಗೊಳ್ಳಲು ಅವಳ ಹತ್ತಿರ ಏನೂ ಇರಲಿಲ್ಲ.

ಅಮ್ಮ ಎದ್ದು ಅಡಿಗೆಮನೆಯಿಂದ ಅಜ್ಜಿಯ ಆ ತಟ್ಟೆ ತಂದಳು. ಮುದ್ದೆ, ಸೊಪ್ಪಿನ ಸಾರು. ಮಗಳನ್ನು ಎದುರಿಗೆ ಕೂರಿಸಿಕೊಂಡು ತುತ್ತು ಮಾಡಿದಳು. ಮಗಳು ಆಗಷ್ಟೇ ಒಂದು ಮಾವಿನಹಣ್ಣು ತಿಂದಿದ್ದಳು, ಅಮ್ಮನೇ ಕೊಟ್ಟಿದ್ದು. ತುಟಿ ಬಿಗಿದು ತಲೆಯಾಡಿಸಿದಳು.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಮಗು" ಎಂದಳು ಅಮ್ಮ. ಆಮೇಲೆ ತುತ್ತನ್ನು ನನ್ನ ಕಡೆ ತಿರುಗಿಸಿದಳು. "ನೀನೊಂದು ನುಂಗಿ ತೋರ್ಸೇ. ನಿನ್ನ ನೋಡಿ ಅವ್ಳೂ ತಿಂತಾಳೆ."

ನನ್ನ ಹೊಟ್ಟೆ ತುಂಬಿತ್ತು. ಬೇಡಮ್ಮ ಎನ್ನಬೇಕೆಂದಿದ್ದೆ. ಮಗಳು ನನ್ನ ಬಾಯನ್ನೇ ನೋಡುತ್ತಿದ್ದಳು, ತಮ್ಮ ನೋಡುತ್ತಿದ್ದನಲ್ಲ, ಹಾಗೆಯೇ. ಆ ಮಾತು ಆಡಲೆಂದು ಬಾಯಿ ತೆರೆದೆ. ಅಮ್ಮ ತುತ್ತು ಇಟ್ಟಳು. ನಾನು ನುಂಗಿದೆ.

"ನೋಡಿದ್ಯಾ, ನಿಮ್ಮಮ್ಮ ಎಷ್ಟ್ ಚೆನ್ನಾಗ್ ತಿಂತಾಳೆ" ಎಂದಳು ಅಮ್ಮ.

ಮಗಳು ಬಾಯಿ ಬಿಡಲಿಲ್ಲ. ಅವಳಿಗೆಂದು ಎತ್ತಿದ ತುತ್ತು ಮತ್ತೆ ನನ್ನ ಕಡೆ ಬಂತು, ಅದಕ್ಕೂ ನಾನು ಬಾಯಿ ತೆರೆದೆ.